ಹಾನುಬಾಳಿನ ಹಲಸಿನ ಮರದ ಕಲ್ಲುಹೂವು

ಡಿಸೆಂಬರ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಆರೂವರೆಗೆ ಹಾಸನದಲ್ಲಿ ಆಲೂರಿನ ಬಸ್ಸು ಹತ್ತಿದೆ. ಹೆಂಡತಿಯಿಲ್ಲದೆ ಒಬ್ಬನೇ ಗುಡ್ಡ ಸುತ್ತಲು ಹೊರಟದ್ದು ಆರು ವರ್ಷದಲ್ಲಿ ಅದೇ ಮೊದಲು. ಹಿಂದಿನ ವಾರ ಗಿರಿಜ ಬಚ್ಚಲಲ್ಲಿ ಜಾರಿ ಬಿದ್ದು ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. "ಕಾಲು ವಾಸಿಯಾದ ಮೇಲೆ ಇಬ್ಬರೂ ಹೋಗೋಣ ಕಣ್ರೀ, ಅಲ್ಲೀತನಕ ಮರ ಎಲ್ಲಿಗೂ ಓಡಿಹೋಗಲ್ಲ" ಎಂದು ಮೂರು ದಿನ ಹೇಳಿ ನೋಡಿದಳು. ನಾನು ಕೇಳಲಿಲ್ಲ. ನನ್ನದು ಮೊದಲಿನಿಂದಲೂ ಹಟದ ಸ್ವಭಾವ.

ಹಟಕ್ಕೆ ಕಾರಣವೂ ಇತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನಾನು ರಜೆ ಸಿಕ್ಕಾಗಲೆಲ್ಲ ಆಲೂರು, ಸಕಲೇಶಪುರದ ಗುಡ್ಡಗಳನ್ನು ಅಲೆದು, ಎಲ್ಲಿ ಯಾವ ಕಾಡುಗಿಡ ಇದೆ, ಯಾವ ಮರದ ಮೇಲೆ ಯಾವ ಕಲ್ಲುಹೂವು ಇದೆ ಎಂದು ಪಟ್ಟಿ ಮಾಡುತ್ತಿದ್ದೆ. ಮಸಾಲೆಗೆ ಹಾಕುತ್ತಾರಲ್ಲ, ತೊಗಟೆಯ ಮೇಲೆ, ಬಂಡೆಯ ಮೇಲೆ ಸುರುಟಿದ ಕಾಗದದ ಹಾಗೆ ಬೂದು ಬಣ್ಣಕ್ಕೆ ಬೆಳೆಯುತ್ತದಲ್ಲ, ಅದೇ ಕಲ್ಲುಹೂವು. ಅದರಲ್ಲಿ ನೂರಾರು ಜಾತಿ. ಹಿಂದಿನ ವರ್ಷ ಹಾನುಬಾಳಿನ ಎಸ್ಟೇಟೊಂದರ ಹಲಸಿನ ಮರದಲ್ಲಿ, ನಮ್ಮ ಜಿಲ್ಲೆಯಲ್ಲಿ ಯಾರೂ ಕಂಡಿರದ ಒಂದು ಜಾತಿ ನಮಗೆ ಸಿಕ್ಕಿತ್ತು. ನನ್ನ ಪಟ್ಟಿಯನ್ನು ತಿದ್ದಿಕೊಡುತ್ತಿದ್ದ ಹಿರಿಯರು, "ಅಚ್ಚಿಗೆ ಕೊಡುವ ಮೊದಲು ಅದೊಂದನ್ನು ಇನ್ನೊಮ್ಮೆ ಪರೀಕ್ಷಿಸಿ" ಎಂದು ಕಾಗದ ಬರೆದಿದ್ದರು. ಆರು ವರ್ಷದ ಅಲೆದಾಟಕ್ಕೆ ಸಿಕ್ಕ ಕಿರೀಟ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದು ಅದರ ಬಗ್ಗೆಯೇ.

ಇಲ್ಲಿ ಒಂದು ಗುಟ್ಟು ಹೇಳಲೇಬೇಕು. ನನಗೆ ಕೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಕಲ್ಲುಹೂವಿನ ಜಾತಿ ತಿಳಿಯಬೇಕಾದರೆ ಬ್ಲೇಡಿನಿಂದ ಮೇಲಿನ ಸಿಪ್ಪೆ ಕೆರೆದು, ಒಳಗಿನ ಬಿಳಿಯ ಮೇಲೆ ಒಂದು ಹನಿ ಕಾಸ್ಟಿಕ್ ನೀರು ಬಿಡುತ್ತೇವೆ. ಕೆಲವು ಹಳದಿಯಾಗಿ ಅಲ್ಲಿಗೇ ನಿಲ್ಲುತ್ತವೆ, ಕೆಲವು ಹಳದಿಯಿಂದ ಕೆಂಪಿಗೆ ತಿರುಗುತ್ತವೆ. ಹಳದಿಯವರೆಗೆ ನನ್ನ ಕಣ್ಣು ಬರುತ್ತದೆ, ಮುಂದಕ್ಕೆ ಬರುವುದಿಲ್ಲ. ಮುಂದಿನದೆಲ್ಲ ಗಿರಿಜಳ ಕಣ್ಣು. ಹನಿ ಬಿಡುವುದು ನಾನು, ಬಣ್ಣ ಹೇಳುವುದು ಅವಳು, ಬರೆದುಕೊಳ್ಳುವುದು ನಾನು. ಈ ಸಂಗತಿ ಅವಳೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆಲೂರಿನಲ್ಲಿ ಬಸ್ಸು ಬದಲಾಯಿಸಿ ಮಗ್ಗೆಯಲ್ಲಿ ಇಳಿದಾಗ ಮಂಜು ಇನ್ನೂ ಗದ್ದೆಯ ಮೇಲೇ ಇತ್ತು. ಆ ದಿನ ಕಾಡುಗಿಡಗಳ ಕೆಲಸ, ಎಲೆ ಕಾಂಡ ನೋಡಿದರೆ ಸಾಕು, ಯಾರ ಹಂಗೂ ಇಲ್ಲ. ಬದುವಿನ ಮೇಲೆ ತುಂಬೆ, ಗರುಗ, ಒಂದೆಲಗ ಎಂದು ಬರೆಯುತ್ತಾ ಕೂತಿದ್ದೆ. ಭತ್ತ ಕೊಯ್ಯುತ್ತಿದ್ದ ಶಿವಣ್ಣ ಎಂಬ ರೈತರು ಬಂದು ನನ್ನ ಪುಸ್ತಕದೊಳಗೆ ಇಣುಕಿದರು. "ಕಳೆ ಕಿತ್ತು ಬಿಸಾಕಕ್ಕೇ ನಮ್ಗೆ ಪುರ್ಸೊತ್ತಿಲ್ಲ, ನೀವ್ ನೋಡುದ್ರೆ ಕೂತ್ಕಂಡು ಹೆಸ್ರು ಬರ್ಕತಿದೀರಲ್ಲ ಮಾರಾಯ್ರೆ!" ಎಂದು ನಕ್ಕರು. ಆದರೂ ಮನೆಗೆ ಕರೆದುಕೊಂಡು ಹೋಗಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟರು. ಸಂಜೆ ಸಕಲೇಶಪುರ ಸೇರಿ, ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಎರಡು ಕಂಬಳಿ ಕೇಳಿ ಪಡೆದು ಮಲಗಿದೆ.

ಶನಿವಾರ ಬೆಳಿಗ್ಗೆ ಮೂಡಿಗೆರೆ ಬಸ್ಸು ಹತ್ತಿ ಹಾನುಬಾಳಿನಲ್ಲಿ ಇಳಿದೆ. ಎಸ್ಟೇಟಿನ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಮಲ್ಲೇಶಪ್ಪನವರು ಹಳೆಯ ಪರಿಚಯ. ಮರದವರೆಗೆ ಬಂದು, "ಅಮ್ಮಾವ್ರು ಬರ್ಲಿಲ್ವಾ?" ಎಂದು ಕೇಳಿ, ಕೆಲಸವಿದೆಯೆಂದು ಸ್ಟೋರ್ ಕಡೆ ಹೊರಟುಹೋದರು. ಕಲ್ಲುಹೂವು ಇದ್ದಲ್ಲೇ ಇತ್ತು, ಅಂಗೈ ಅಗಲದ ತುಂಡುಗಳು, ಎದೆಯೆತ್ತರದಲ್ಲಿ. ಕೆರೆದು ಒಂದು ಹನಿ ಬಿಟ್ಟೆ. ಹಳದಿ ಬಂತು. ಆಮೇಲೆ ಕೊಂಚ ಮಬ್ಬಾದ ಹಾಗೆ ಕಂಡಿತು. ಕೆಂಪಾದರಷ್ಟೇ ಅದು ಆ ಅಪರೂಪದ ಜಾತಿ. ಕೆಂಪೋ ಅಲ್ಲವೋ, ಆ ದೇವರೇ ಬಲ್ಲ. ಗಿರಿಜ ಹೇಳಿದ್ದು ಸರಿ, ಕಾಲು ವಾಸಿಯಾಗುವ ತನಕ ತಡೆಯಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ. ಅವಳಿಗೆ ತೋರಿಸಲೆಂದು ಒಂದು ತುಂಡು ಚೀಲಕ್ಕೆ ಹಾಕಿಕೊಂಡೆ, ಆದರೆ ಮನೆ ಸೇರುವ ತನಕ ಕಾಯಲು ಮನಸ್ಸು ಕೇಳಲಿಲ್ಲ.

ಆ ಹೊತ್ತಿಗೆ ಪಕ್ಕದ ಸಾಲಿನಲ್ಲಿ ಹೆಂಗಸರು ಕಾಫಿ ಹಣ್ಣು ಕೀಳುತ್ತಿದ್ದರು. ಒಂದೇ ಗೊಂಚಲಿನಲ್ಲಿ ಕಾಯಿ, ಹಣ್ಣು ಎರಡೂ ಇರುತ್ತವೆ. ಅವರ ಬೆರಳು ಹಣ್ಣನ್ನಷ್ಟೇ ಬಿಡಿಸಿ ಕಾಯಿಯನ್ನು ಗಿಡದಲ್ಲೇ ಬಿಟ್ಟು ಮುಂದೆ ಹೋಗುತ್ತಿತ್ತು. ನನಗೋ ಎಲ್ಲವೂ ಒಂದೇ. ಇಡೀ ತಾಲ್ಲೂಕಿನಲ್ಲಿ ಕೆಂಪನ್ನು ಇವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಎಂದು ಥಟ್ಟನೆ ಹೊಳೆಯಿತು. ಊಟಕ್ಕೆ ಬಿಟ್ಟಾಗ, ಕೈ ತೊಳೆದು ಬುತ್ತಿ ಬಿಚ್ಚುತ್ತಿದ್ದ ಸಣ್ಣಮ್ಮ ಎಂಬ ನಡುವಯಸ್ಸಿನ ಹೆಂಗಸಿನ ಹತ್ತಿರ ಹೋದೆ. "ಒಂದು ಬಣ್ಣ ನೋಡಿ ಹೇಳಬೇಕಮ್ಮ. ನನಗೆ ಕೆಂಪು ಕಾಣಲ್ಲ" ಎಂದೆ. ಹೊರಗಿನವರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

"ಅಯ್ಯೋ ಸಿವನೆ! ಹಂಗಾರೆ ನೀವು ಹಣ್ಣು ಕೀಳಕ್ ಬಂದ್ರೆ ನಮ್ ರೈಟರು ಒಂದೇ ದಿನಕ್ಕೆ ಓಡಿಸ್ಬುಡ್ತಾರೆ ಕಣ್ರೀ" ಎಂದು ಸಣ್ಣಮ್ಮ ನಕ್ಕಳು. ನಗುತ್ತಲೇ ಎದ್ದು ಮರದ ಹತ್ತಿರ ಬಂದಳು.

ಮೊದಲು ಅವಳ ಕಣ್ಣನ್ನೂ ನನ್ನ ಸೀಸೆಯನ್ನೂ ಪರೀಕ್ಷೆ ಮಾಡಿದೆ. ಕೆಂಪಾಗುವುದು ಖಂಡಿತ ಎಂದು ಗೊತ್ತಿದ್ದ ಬೇರೊಂದು ಜಾತಿಯ ಮೇಲೆ ಹನಿ ಬಿಟ್ಟೆ. "ಹಳ್ದಿ... ಇಗಾ, ದೋರ್ಗಾಯಿ ಆಯ್ತು... ಈಗ ಹಣ್ಣು. ಕಿತ್ತು ಬುಟ್ಟಿಗಾಕೋ ಹಣ್ಣು!" ಎಂದಳು. ಈಗ ಅಸಲಿ ತುಂಡಿಗೆ ಬಂದೆ.

"ಹಳ್ದಿ" ಎಂದಳು.

"ಆಮೇಲೆ?"

"ಆಮೇಲೆ ಇನ್ನೇನು? ಹಳ್ದಿನೇ ಐತೆ."

ಕಾದೆವು. ಮರದ ಇನ್ನೊಂದು ಮಗ್ಗುಲಿನ ತುಂಡು ಕೆರೆದೆ. ಮತ್ತೊಂದು ಕೆರೆದೆ. ಸಣ್ಣಮ್ಮ ಬಗ್ಗಿ ನೋಡಿ ನೋಡಿ ತಲೆಯಾಡಿಸಿದಳು. "ಇದು ಹಣ್ಣಾಗೋ ಜಾತಿ ಅಲ್ಲ ಸ್ವಾಮಿ." ಹಳದಿಗೇ ನಿಲ್ಲುವುದಾದರೆ ಅದು ದಾರಿಯುದ್ದಕ್ಕೂ ಸಿಗುವ ಮಾಮೂಲಿ ಜಾತಿ. ನನ್ನ ಕಿರೀಟ ಅಲ್ಲಿಗೆ ಮುಗಿಯಿತು. ನಾನು ಬೇರಿನ ಮೇಲೆ ಕೂತುಬಿಟ್ಟೆ.

ಸಣ್ಣಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಮೆಲ್ಲಗೆ, "ಪಾಪ, ಅಷ್ಟು ದೂರದಿಂದ ಬಂದೀರಿ. ಕೆಂಪು ಅಂತ್ಲೇ ಬರ್ಕಳಿ ಅತ್ಲಾಗೆ. ಯಾರಾನ ಕೇಳುದ್ರೆ ನಾನೂ ಕೆಂಪು ಅಂತೀನಿ, ನಂಗೇನು?" ಎಂದಳು.

ಆಗ ನನಗೆ ಅರ್ಥವಾಯಿತು. ಹಿಂದಿನ ವರ್ಷ ಇದೇ ಮರದ ಕೆಳಗೆ, ಜಿಟಿಜಿಟಿ ಮಳೆಯಲ್ಲಿ, ಕಾಲಿಗೆ ಜಿಗಣೆ ಹತ್ತಿಸಿಕೊಂಡು, "ಕೆಂಪು ಬಂತಾ? ಬಂತಾ?" ಎಂದು ನಾನು ಹತ್ತು ಸಲ ಕೇಳಿದ್ದೆ. ಗಿರಿಜ ನನ್ನನ್ನು ಒಮ್ಮೆ ನೋಡಿ, "ಬಂತು ಕಣ್ರೀ" ಎಂದಿದ್ದಳು.

ಹಾಸನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಆರು ವರ್ಷದ ಪಟ್ಟಿ ಪೂರಾ ಅವಳ ಬಾಯಿಮಾತಿನ ಮೇಲೆ ನಿಂತಿದೆ. ಒಂದು ಸುಳ್ಳಾದರೆ ಇನ್ನೆಷ್ಟು ಸುಳ್ಳು? ಇವತ್ತು ಚೆನ್ನಾಗಿ ಬೈಯಬೇಕು ಎಂದು ಬೈಗುಳಗಳನ್ನೆಲ್ಲ ಜೋಡಿಸಿಕೊಂಡೆ. ಬಾಳ್ಳುಪೇಟೆ ದಾಟುವ ಹೊತ್ತಿಗೆ ಅವಳ ಪ್ಲಾಸ್ಟರ್ ಕಾಲು ನೆನಪಾಗಿ, ಮಧ್ಯಾಹ್ನ ಊಟ ಮಾಡಿದಳೋ ಇಲ್ಲವೋ ಎಂದು ಯೋಚನೆ ಹತ್ತಿತು. ಅಲ್ಲಿಗೆ ಜೋಡಿಸಿದ್ದೆಲ್ಲ ಚದುರಿಹೋಯಿತು.

ಐದು ಗಂಟೆಗೆ ಮನೆ ಸೇರಿದೆ. ಗಿರಿಜ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬಾಗಿಲಿಗೆ ಎದುರಾಗಿ ಕೂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ, ನನ್ನ ಮುಖ ನೋಡಿ, "ಕೆಂಪು ಬರಲಿಲ್ಲ ಅಲ್ವಾ?" ಎಂದಳು.

"ನಿನಗೆ ಗೊತ್ತಿತ್ತು."

"ಒಂದು ವರ್ಷದಿಂದ ಗೊತ್ತು. ಆವತ್ತು ನಿಮ್ಮ ಮುಖ ನೋಡಿ ಬಾಯಿಗೆ ಬಂದುಬಿಡ್ತು. ಮಾರನೇ ದಿನ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಊರಿಗೆಲ್ಲ ಹೇಳಿಬಿಟ್ಟಿದ್ರಿ. ಸುಳ್ಳು ಹೇಳಿದ್ದು ಅದೊಂದೇ ಕಣ್ರೀ. ಬೇರೆ ಒಂದೂ ಇಲ್ಲ."

ನಾನು ನಂಬಿದೆ. ಅವಳನ್ನು ನಂಬದೆ ನಾನು ಬದುಕುವುದಾದರೂ ಹೇಗೆ?

"ತುಂಡು ತಂದಿದ್ದೀರಾ? ಹನಿ ಹಾಕಿ. ಆವತ್ತು ಹೇಳಬೇಕಾದ್ದನ್ನ ಈಗ ಹೇಳ್ತೀನಿ. ಆದರೆ ನೀವು ಎದುರಿಗೆ ಕೂರಬೇಡಿ, ನಿಮ್ಮ ಮುಖ ಕಂಡರೆ ನನ್ನ ಕೈಲಾಗಲ್ಲ" ಎಂದಳು.

ಅವಳ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ತುಂಡನ್ನು ಅವಳ ಅಂಗೈ ಮೇಲಿನ ಕಾಗದದಲ್ಲಿಟ್ಟು, ಹನಿ ಬಿಟ್ಟು, ಹಿಂದೆ ಹೋಗಿ ನಿಂತೆ. ಅವಳು ಬಹಳ ಹೊತ್ತು ನೋಡಿದಳು. ಕತ್ತು ಬಗ್ಗಿಸಿ, ಕನ್ನಡಕ ಸರಿಮಾಡಿಕೊಂಡು, ಮತ್ತೊಮ್ಮೆ ನೋಡಿದಳು.

"ಹಳದಿ" ಎಂದಳು. "ಹಳದಿಯೇ. ಕೆಂಪು ಬರಲಿಲ್ಲ."

ಪಟ್ಟಿ ತೆಗೆದು, ಆ ಸಾಲಿನ ಮೇಲೆ ಗೀಟು ಎಳೆದೆ.

"ತುಂಬಾ ಬೇಜಾರಾಯ್ತೇನ್ರೀ?"

"ಇಲ್ಲ ಕಣೇ, ಅಷ್ಟೇನಿಲ್ಲ" ಎಂದೆ. ಅವಳು ಕುರ್ಚಿಯಲ್ಲಿ ಹೊರಳಿ ನನ್ನ ಕಡೆ ನೋಡುವಷ್ಟರಲ್ಲಿ ನಾನು ಕಣ್ಣು ಒರೆಸಿಕೊಂಡಾಗಿತ್ತು.