ಸಾರಳಿಗೆ ಸುದ್ದಿ ಹೇಳಿದವರು ಯಾರು

ಇಸಾಕ ಬೆಟ್ಟ ಇಳಿದು ಬಂದ ಎಂದು ಬೈಬಲಿನಲ್ಲಿ ಹೇಳಿಲ್ಲ. ಹತ್ತುವಾಗ ತಂದೆ ಮಗ ಇಬ್ಬರೂ ಜೊತೆಯಾಗಿ ಹೋದರೆಂದು ಎರಡು ಸಲ ಬರುತ್ತದೆ. ದೇವರ ಅಪ್ಪಣೆಯಂತೆ ಮಗನನ್ನು ಬಲಿ ಕೊಡಲು ತಂದೆ ಅಬ್ರಹಾಮ ಎತ್ತಿದ ಕತ್ತಿಯನ್ನು ದೇವದೂತ ತಡೆಯುತ್ತಾನೆ, ಮಗನ ಬದಲಿಗೆ ಟಗರು ಸಿಗುತ್ತದೆ, ಆಮೇಲೆ ಅಬ್ರಹಾಮ ಕೆಳಗೆ ಕಾದಿದ್ದ ಆಳುಗಳ ಬಳಿಗೆ ಹಿಂದಿರುಗುತ್ತಾನೆ. ಅಲ್ಲಿ ಮಗನ ಹೆಸರಿಲ್ಲ. ಮುಂದಿನ ಅಧ್ಯಾಯ ಶುರುವಾಗುವುದು ತಾಯಿ ಸಾರಳ ಸಾವಿನಿಂದ. ಏಕೆ ಸತ್ತಳೆಂದು ಹೇಳಿಲ್ಲ. ವಯಸ್ಸು ಮಾತ್ರ ಕೊಟ್ಟಿದೆ.

ಯೆಹೂದ್ಯರ ಹಳೆಯ ಗುರುಗಳು ಇಂಥ ಜಾಗಗಳಲ್ಲೇ ನಿಂತುಬಿಡುತ್ತಿದ್ದರು. ಗ್ರಂಥದಲ್ಲಿ ಒಂದು ಪದವೂ ಸುಮ್ಮನೆ ಬಂದಿರುವುದಿಲ್ಲ, ಸುಮ್ಮನೆ ಬಿಟ್ಟುಹೋಗಿಯೂ ಇರುವುದಿಲ್ಲ ಎಂಬುದು ಅವರ ನಂಬಿಕೆ. ನನಗೆ ಆ ನಂಬಿಕೆ ಇಲ್ಲ, ಆ ಚಾಳಿ ಮಾತ್ರ ಇಷ್ಟ. ಮಂಗಳೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡುವಾಗ ಒಬ್ಬ ಅಧ್ಯಾಪಕರಿಂದ ಇದನ್ನೆಲ್ಲ ಕೇಳಿದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಅವರ ತೋಳಿಗೆ ಹತ್ತಿದ ಸೀಮೆಸುಣ್ಣ ಕೂಡ ಕಣ್ಣಿಗೆ ಕಟ್ಟಿದ ಹಾಗಿದೆ. ಈಚೆಗೆ ಸಹಪಾಠಿಯೊಬ್ಬನನ್ನು ವಿಚಾರಿಸಿದರೆ, “ಅವರು ತರ್ಕಶಾಸ್ತ್ರ ಬಿಟ್ಟು ಬೇರೆ ಎಂತದೂ ಕಲಿಸಲಿಲ್ಲ ಮಾರಾಯ” ಎಂದ. ಹಾಗಾದರೆ ಎಲ್ಲಿ ಓದಿದೆನೋ ಗೊತ್ತಿಲ್ಲ.

ಎರಡು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ ಕತಾರಿಗೆ ಬಂದವನು ನಾನು. ಇಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಪ್ಲಾಂಟಿನ ನಕ್ಷೆಗಳು ತಿದ್ದುಪಡಿಯಾಗಿ ಬಂದರೆ ಹೊಸದನ್ನು ಹಂಚಿ ಹಳೆಯದಕ್ಕೆ ರದ್ದು ಮೊಹರು ಹೊಡೆಯಬೇಕು. ಒಂದು ನಕ್ಷೆಗೆ ಚಾಲ್ತಿಯಲ್ಲಿರುವ ಪ್ರತಿ ಒಂದೇ ಇರಬೇಕು. ಎರಡಿದ್ದರೆ ನನ್ನ ಕೆಲಸ ಕೆಟ್ಟಿತೆಂದೇ ಅರ್ಥ. ಆದರೂ ಪರಿಚಯದವರಿಗೆಲ್ಲ ನಾನು ಇನ್ನೂ ಮಾಸ್ಟ್ರು.

ಶುಕ್ರವಾರ ಸಂಜೆ ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದಲ್ಲಿ ನಮ್ಮ ಕಡೆಯ ಏಳೆಂಟು ಕಥೋಲಿಕ ಕುಟುಂಬಗಳು ಪ್ರಾರ್ಥನೆಗೆ ಸೇರುತ್ತವೆ. ಹೆಚ್ಚಿನವರ ಮನೆಮಾತು ಕೊಂಕಣಿ. ಶಿವಮೊಗ್ಗ ಕಡೆಯ ಎರಡು ಮನೆಯವರು ಇರುವುದರಿಂದ ಓದು, ಮಾತು ಕನ್ನಡದಲ್ಲಿ. ನನ್ನ ಹೆಂಡತಿಗೆ ಭಕ್ತಿ, ನನಗೆ ಡ್ರೈವಿಂಗ್. ಅಲ್ ವಕ್ರಾದ ನಮ್ಮ ಕಟ್ಟಡದಲ್ಲೇ ಇರುವ ಒಬ್ಬ ಗೆಳೆಯನೂ ಶಿಫ್ಟ್ ಇಲ್ಲದಾಗ ನಮ್ಮ ಜೊತೆ ಬರುತ್ತಾನೆ. ನಲವತ್ತರ ಹತ್ತಿರದವನು, ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್, ಮದುವೆಯಾಗಿಲ್ಲ. ನಾಲ್ಕು ವರ್ಷದ ಹಿಂದೆ ಅವನ ತಾಯಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತಿತ್ತು. ಹೇಗೆ ಎಂದು ಯಾರೂ ಕೇಳಿರಲಿಲ್ಲ.

ಆ ಶುಕ್ರವಾರ ಓದಿದ್ದು ಅಬ್ರಹಾಮನ ಬಲಿಯ ಭಾಗ. ಓದು ಮುಗಿದ ಮೇಲೆ ಮನೆಯಾಕೆ, “ಮಾಸ್ಟ್ರು ಇವತ್ತು ಎಂತ ಹೇಳ್ತಾರೆ?” ಎಂದರು.

“ಬೇಡ ಮಾರಾಯ್ರೆ, ಅವರು ಸುರು ಮಾಡಿದ್ರೆ ಬಿರಿಯಾನಿ ತಣಿತದೆ,” ಎಂದರು ಅವರ ಗಂಡ.

ಎಲ್ಲರೂ ನಕ್ಕರು. ನಕ್ಕಾಗ ನನಗೆ ಹುರುಪು ಹೆಚ್ಚು. ಮಗ ಎಲ್ಲಿಗೆ ಹೋದ, ತಾಯಿ ಏಕೆ ಸತ್ತಳು ಎಂಬ ಎರಡು ಪ್ರಶ್ನೆಗಳನ್ನು ಆ ಗುರುಗಳು ಒಂದಕ್ಕೊಂದು ಹೇಗೆ ಕೂಡಿಸಿದರೆಂದು ಹೇಳಿದೆ. ಇಸಾಕ ನೇರ ತಾಯಿಯ ಹತ್ತಿರ ಹೋದ. ಬೆಟ್ಟದ ಮೇಲೆ ನಡೆದದ್ದನ್ನು ಹೇಳಿದ. ದೇವದೂತ ತಡೆಯದಿದ್ದರೆ ಸಾಯುತ್ತಿದ್ದೆ ಎಂದ. ಸಾರ ಕೂಗಿಕೊಂಡಳು, ಪ್ರಾಣ ಹೋಯಿತು. “ನೋಡಿ, ಮಗ ಬದುಕಿ ಎದುರಿಗೇ ನಿಂತಿದ್ದಾನೆ, ಆದರೂ ಸುದ್ದಿಯೇ ಕೊಂದಿತು,” ಎಂದು ಮುಗಿಸಿದೆ. ಚೆನ್ನಾಗಿ ಹೇಳಿದೆ ಎಂದೇ ಅನಿಸಿತ್ತು.

ಗೆಳೆಯ ಎದ್ದು ಹೊರಗೆ ಹೋದ. ಊಟಕ್ಕೆ ಬರಲಿಲ್ಲ. ವಾಪಸು ಹೋಗುವಾಗ ಅವನು ನನ್ನ ಪಕ್ಕದಲ್ಲಿ ಕುಳಿತಿದ್ದ. ಹೆಂಡತಿ ಹಿಂದಿನ ಸೀಟಿನಲ್ಲಿದ್ದಳು.

“ಮಾಸ್ಟ್ರೆ, ಇಸಾಕ ಹೇಳಿದ್ದು ತಪ್ಪಾ?” ಎಂದು ಅರ್ಧ ದಾರಿಯಲ್ಲಿ ಗೆಳೆಯ ಕೇಳಿದ.

ಆಮೇಲೆ ತಾನೇ ಹೇಳತೊಡಗಿದ. ನಾಲ್ಕು ವರ್ಷದ ಹಿಂದೆ ಕೆಲಸ ಮುಗಿಸಿ ಬರುವಾಗ ಟಯರ್ ಒಡೆದು ಕಾರು ಮಗುಚಿತ್ತು. ಎರಡು ಪಕ್ಕೆಲುಬು ಬಿರುಕು, ತಲೆಗೆ ಹೊಲಿಗೆ. ಫೋನ್ ಪುಡಿ. ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದ, ಊರಿಗೆ ಫೋನ್ ಇಲ್ಲ.

ಇಲ್ಲಿಂದ ಊರಿಗೆ ಇಂಥ ಸುದ್ದಿ ತಿಳಿಸುವುದಕ್ಕೆ ನಮ್ಮವರಲ್ಲಿ ಒಂದು ಕ್ರಮವಿದೆ. ತಾಯಂದಿರಿಗೆ ನೇರ ಫೋನ್ ಮಾಡುವುದಿಲ್ಲ. ಮೊದಲು ಭಾವನಿಗೋ ನೆರೆಮನೆಗೋ ಹೇಳುತ್ತೇವೆ. ಅವರು ಹೋಗಿ ಕುಳಿತು, ಚಾ ಕುಡಿದು, ಸ್ವಲ್ಪ ಜ್ವರವಂತೆ ಎನ್ನುತ್ತಾರೆ. ಮರುದಿನ ಜ್ವರ ಸಣ್ಣ ಪೆಟ್ಟಾಗುತ್ತದೆ. ಪೂರ್ತಿ ವಿಷಯ ತಿಳಿಯುವಾಗ ಪೆಟ್ಟು ಬಿದ್ದವನು ಎದ್ದು ಕುಳಿತಿರುತ್ತಾನೆ. ಈ ಕ್ರಮ ಅವನಿಗೂ ಗೊತ್ತಿತ್ತು. ಆದರೆ ಮೂರನೆಯ ದಿನ, ಮಗುಚಿದ ಕಾರಿನ ಫೋಟೊ ಊರಿನ ವಾಟ್ಸಾಪ್ ಗ್ರೂಪಿಗೆ ಬಂದಿದೆ ಎಂದು ನೋಡಲು ಬಂದವನೊಬ್ಬ ಹೇಳಿದ. ಅಮ್ಮ ಅದನ್ನು ನೋಡುವ ಮೊದಲು ತನ್ನ ಸ್ವರ ಕೇಳಲಿ ಎಂದು ಇವನು ಅದೇ ಆಸಾಮಿಯ ಫೋನಿನಿಂದ ನೇರ ಮನೆಗೆ ಕರೆ ಮಾಡಿದ.

“‘ಅಮ್ಮಾ, ಕಾರು ಪಲ್ಟಿ ಆಯ್ತು’ ಅಂದೆ. ‘ನಂಗೇನೂ ಆಗ್ಲಿಲ್ಲ’ ಅಂತ ಹೇಳ್ಲಿಕ್ಕೆ ಬಾಯಿ ತೆಗೆದೆ, ಅಷ್ಟರಲ್ಲಿ ಆಚೆ ಫೋನ್ ಬಿದ್ದ ಶಬ್ದ. ಸಂಜೆಗೆ ಖಲಾಸ್. ಹಾರ್ಟ್ ಮೊದಲೇ ವೀಕ್ ಇತ್ತು ಅಂತ ಡಾಕ್ಟರ್ ಹೇಳಿದ್ರಂತೆ. ಅಕ್ಕ ಮಾತ್ರ, ನೀನೇ ಹೇಳಿ ಕೊಂದದ್ದು ಅಂದಳು. ಮತ್ತೆ ನನ್ನ ಹತ್ರ ಮಾತಾಡ್ಲೇ ಇಲ್ಲ.”

ನನ್ನ ಬಾಯಿ ಸುಮ್ಮನಿರಲಿಲ್ಲ. “ಇನ್ನೊಂದು ಕತೆಯೂ ಉಂಟು. ಅದರಲ್ಲಿ ಇಸಾಕ ಹೋಗುವುದೇ ಇಲ್ಲ. ಸೈತಾನ ಅವನ ವೇಷ ಹಾಕಿಕೊಂಡು ಬಂದು ಹೇಳುವುದು.”

“ಇದು ಈಗ ನನಗೋಸ್ಕರ ಕಟ್ಟಿದ್ದಲ್ವಾ?”

“ಅಲ್ಲ, ಉಂಟು,” ಎಂದೆ. ಆದರೆ ಹೇಳಿದ ಕೂಡಲೇ ನನಗೇ ಸಂಶಯ ಬಂತು.

ಮನೆಯೊಳಗೆ ಕಾಲಿಟ್ಟ ಮೇಲೆ ಹೆಂಡತಿ ಬಾಯಿ ಬಿಟ್ಟಳು. “ಸೈತಾನನ ಕತೆ ಮೊದಲೇ ಗೊತ್ತಿದ್ರೆ ಅಲ್ಲಿ ಯಾಕೆ ಹೇಳ್ಲಿಲ್ಲ?”

“ನೆನಪಾಗಲಿಲ್ಲ.”

“ಅವನು ಕಣ್ಣು ಒರೆಸಿಕೊಂಡಾಗ ನೆನಪಾಯ್ತಾ?”

ಕಲಿಸದ ಅಧ್ಯಾಪಕರಿಂದ ಪಾಠ ಕೇಳಿದ್ದೇನೆಂದು ನಂಬಿಕೊಂಡಿದ್ದ ತಲೆಗೆ, ಇಲ್ಲದ ಕತೆಯನ್ನು ಆ ಕ್ಷಣಕ್ಕೆ ಹೊಸೆಯುವುದು ಕಷ್ಟವಲ್ಲ. ಸುಳ್ಳು ಸಮಾಧಾನ ಹೇಳುವವರನ್ನು ಕಂಡರೆ ಉರಿದುಬೀಳುವವನು ನಾನೇ.

ಆ ವಾರ ಆಫೀಸಿನಲ್ಲಿ ಊಟದ ಹೊತ್ತೆಲ್ಲ ಹುಡುಕಿದೆ. ಆ ಹಳೆಯ ವ್ಯಾಖ್ಯಾನಗಳ ಇಂಗ್ಲಿಷ್ ಅನುವಾದ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಸೈತಾನನ ಕತೆ ಇತ್ತು. ನಾನು ಮೊದಲು ಹೇಳಿದ ಕತೆಯೂ ಇತ್ತು. ಮೂರನೆಯವರೊಬ್ಬರು ಇಸಾಕನನ್ನು ಬೆಟ್ಟದಿಂದ ನೇರ ಒಬ್ಬ ಗುರುವಿನ ಹತ್ತಿರ ಓದಲು ಕಳುಹಿಸಿಬಿಟ್ಟಿದ್ದರು. ಒಬ್ಬರ ಮಾತಿನ ಕೆಳಗೆ ‘ಇನ್ನೊಂದು ಅರ್ಥ’ ಎಂದು ಮತ್ತೊಬ್ಬರದನ್ನು ಇಟ್ಟಿರುತ್ತಾರೆ. ಮೇಲಿನದಕ್ಕೆ ಯಾರೂ ರದ್ದು ಹೊಡೆಯುವುದಿಲ್ಲ. ನನ್ನ ಕಸುಬಿನವನಿಗೆ ಇದು ಒಗ್ಗದ ವಿಷಯ.

ಸುಳ್ಳು ಹೇಳಿಲ್ಲ ಎಂದು ಸಮಾಧಾನವಾಯಿತು. ಸೈತಾನನ ಪುಟವೊಂದನ್ನೇ ಪ್ರಿಂಟ್ ತೆಗೆದು ಕೊಟ್ಟರೆ ಸಾಕು ಎಂದೂ ಅನಿಸಿತು. ಆದರೆ ಮೊದಲನೆಯ ಕತೆಯನ್ನು ಮತ್ತೆ ಓದುವಾಗ ನಾನು ಬಿಟ್ಟುಬಿಟ್ಟಿದ್ದ ಒಂದು ಸಾಲು ಕಂಡಿತು. ಇಸಾಕ ತಾನಾಗಿ ಹೇಳಿರಲಿಲ್ಲ. ಎಲ್ಲಿ ಹೋಗಿದ್ದೆ ಮಗನೇ ಎಂದು ತಾಯಿ ಕೇಳಿದ್ದಳು. ಕೇಳಿದ್ದಕ್ಕೆ ಅವನು ಹೇಳಿದ್ದ.

ಶನಿವಾರ ಮಧ್ಯಾಹ್ನ ಎರಡೂ ಪುಟ ಹಿಡಿದು ಅವನ ಫ್ಲಾಟಿಗೆ ಹೋದೆ. ಮೊದಲು ಸೈತಾನನ ಪುಟ ಕೊಟ್ಟೆ. ಓದಿ ಮೇಜಿನ ಮೇಲಿಟ್ಟ. “ಉಂಟು ಹಾಗಾದ್ರೆ,” ಎಂದನಷ್ಟೆ. ಎರಡನೆಯದನ್ನು ಓದುತ್ತ, ತಾಯಿ ಕೇಳಿದ ಸಾಲಿನ ಮೇಲೆ ಬೆರಳಿಟ್ಟ.

“ಅಮ್ಮ ಕೇಳಿದ್ದೂ ಇದನ್ನೇ ಮಾಸ್ಟ್ರೆ. ಎರಡು ದಿನ ಎಲ್ಲಿದ್ದಿ, ಅಂತ.”

ಕಾರಿನಲ್ಲಿ ಹೇಳುವಾಗ ಈ ಪ್ರಶ್ನೆ ಇರಲಿಲ್ಲ. ಓದಿದ್ದರಿಂದ ನೆನಪಾಯಿತೋ, ಓದಿದ್ದೇ ನೆನಪಾಗಿಬಿಟ್ಟಿತೋ? ಬೇರೆ ಯಾರದಾದರೂ ವಿಷಯವಾಗಿದ್ದರೆ ಕೇಳಿಯೇಬಿಡುತ್ತಿದ್ದೆ.

“ನಂಗೆ ಸೈತಾನ ಬೇಡ,” ಎಂದ. “ಫೋನ್ ಮಾಡಿದ್ದು ನಾನೇ ಅಲ್ವಾ. ಆದ್ರೆ ಎರಡನ್ನೂ ಕನ್ನಡದಲ್ಲಿ ಬರೆದು ಕೊಡಿ. ಅಕ್ಕನಿಗೆ ಕಳಿಸ್ತೇನೆ. ಯಾವುದು ಅಂತ ಅವಳೇ ನೋಡ್ಲಿ.”

“ಅಮ್ಮ ಕೇಳಿದ್ದನ್ನೂ ಬರೀಲಾ?”

“ಬೇಡ. ಕತೆ ಮಾತ್ರ. ನನ್ನ ವಕಾಲತ್ತು ಬೇಡ.”

ಅಲ್ಲೇ ಕೂತು ಬರೆದೆ. ಅವನು ಅದರ ಫೋಟೊ ತೆಗೆದು ಕಳುಹಿಸಿದ. ಅಕ್ಕ ನೋಡಿದ್ದಾಳೆಂದು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಐದು ದಿನವಾದ ಮೇಲೆ ಸಂಜೆ ಅವನು ಪಾರ್ಕಿಂಗಿನಲ್ಲಿ ಸಿಕ್ಕಿ, “ಮಾಸ್ಟ್ರೆ, ಒಂಚೂರು ನಿಲ್ಲಿ” ಎಂದು ಫೋನ್ ನನ್ನ ಕಿವಿಯ ಹತ್ತಿರ ಹಿಡಿದ. ಅಕ್ಕನ ವಾಯ್ಸ್ ಮೆಸೇಜ್. ಸ್ವರ ಒರಟಾಗಿತ್ತು.

“ಎಂತದೋ ಕಳಿಸಿದ್ದಿಯಲ್ಲ, ಓದಿದೆ. ಎರಡು ದಿನ ಅಮ್ಮ ಫೋನನ್ನು ಮಡಿಲಲ್ಲೇ ಇಟ್ಕೊಂಡು ಕೂತಿದ್ರು. ಎತ್ತಿದ ಕೂಡಲೇ ‘ಎಲ್ಲಿದ್ದಿ’ ಅಂತ ಕೇಳಿದ್ದು ಅಡುಗೆಮನೆಯಲ್ಲಿದ್ದ ನಂಗೆ ಕೇಳಿಸಿತ್ತು. ಅದನ್ನು ನಾನು ಯಾರಿಗೂ ಹೇಳ್ಲಿಲ್ಲ. ನಿಂಗೂ ಹೇಳ್ಲಿಲ್ಲ. ಪುರುಸೊತ್ತಾದಾಗ ಫೋನ್ ಮಾಡು.”

ಅವಳ ನೆನಪನ್ನೂ ನಾನು ಬರೆದ ಪುಟವೇ ಹುಟ್ಟಿಸಿರಬಹುದೇ ಎಂದು ಒಂದು ಗಳಿಗೆ ಅನಿಸಿತು. ಅವನು ಆಗಲೇ ನನಗೆ ಬೆನ್ನು ಹಾಕಿ, ಅಕ್ಕನ ನಂಬರು ಒತ್ತಿ ಕಾಯುತ್ತಿದ್ದ.