ಪಾತ್ರೆ ತೊಳೆದ ನೀರಿನ ನೀಲಿ

ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ಫಿಲುಮೆನಾ ಒಂದು ದಿನವೂ ಕೆಂಪು ಕ್ಲಬ್ಬಿನ ಹೊಸ್ತಿಲು ತುಳಿದವಳಲ್ಲ. ಊರಿನಲ್ಲಿ ಇರುವುದೇ ಎರಡು ಪಂಗಡ. ಸಂತ ಬಾಸ್ಟ್ಯಾನನ ಹಬ್ಬ ಮಾಡುವವರು ಕೆಂಪು, ಮಾತೆ ಮರಿಯಾಳ ಹಬ್ಬ ಮಾಡುವವರು ನೀಲಿ. ಹೀಗೆ ಎರಡಾಗದ ಊರು ಮಾಲ್ಟಾದಲ್ಲಿ ಎಲ್ಲಾದರೂ ಇದ್ದರೆ, ಅಲ್ಲಿನವರು ಬೇಸಿಗೆಯಿಡೀ ಏನು ಮಾತಾಡಿಕೊಳ್ಳುತ್ತಾರೋ ನಾನರಿಯೆ. ಫಿಲುಮೆನಾ ಹುಟ್ಟು ನೀಲಿ. ಕಟ್ಟಿಕೊಂಡದ್ದು ಗೋಡೆಗೆ ಬಣ್ಣ ಬಳಿಯುವ ನೆನುವನ್ನು, ಅಪ್ಪಟ ಕೆಂಪು.

ಬರೀ ಕೆಂಪಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಅವನಿಗೆ ಬಾಣಬಿರುಸಿನ ಮದ್ದಿನ ಹುಚ್ಚು ಬೇರೆ. ಬಣ್ಣದ ಕೆಲಸ ಮುಗಿಯುತ್ತಲೇ ಊರಾಚೆಯ ಹೊಲಗಳ ನಡುವಿನ ಮದ್ದಿನ ಮನೆಗೆ ಓಡುತ್ತಿದ್ದ. ಅಲ್ಲಿ ಯಾರಿಗೂ ಸಂಬಳವಿಲ್ಲ. ಬೇಕರಿಯವನು, ಬಸ್ಸಿನವನು, ಮೇಷ್ಟ್ರು ಎಲ್ಲರೂ ಸೇರಿ ವರ್ಷವಿಡೀ ಕಾಗದ ಸುತ್ತಿ, ದಾರ ಬಿಗಿದು, ಜುಲೈಯ ಹಬ್ಬದ ಸಂಜೆಗೆ ಮದ್ದಿನ ಗುಂಡುಗಳನ್ನು ಕಟ್ಟುತ್ತಾರೆ.

ನೆನುವಿಗೆ ಬೇಕಿದ್ದದ್ದು ಒಂದೇ ಒಂದು ಗುಂಡು. ಮೇಲೇರಿ ಮೊದಲು ಬಿಳಿಯ ಬಳೆಯಾಗಬೇಕು, ಬಳೆ ಒಡೆದು ಕೆಂಪಾಗಬೇಕು, ಕೆಂಪಿನ ಹೊಟ್ಟೆಯಿಂದ ನೀಲಿ ಅರಳಬೇಕು. ಕೆಂಪು, ಹಸಿರು ಹೇಳಿದ ಮಾತು ಕೇಳುವ ಬಣ್ಣಗಳು. ನೀಲಿ ಹಾಗಲ್ಲ. ಉರಿ ಒಂದಿಷ್ಟು ಹೆಚ್ಚಾದರೆ ಬೆಳ್ಳಗಾಗುತ್ತದೆ, ಒಂದಿಷ್ಟು ಕಡಿಮೆಯಾದರೆ ಕಾಣುವುದೇ ಇಲ್ಲ.

"ಕೆಂಪು ಸಂತನ ತಲೆ ಮೇಲೆ ನೀಲಿ ಹೂವಾ? ನಿನ್ನ ಕ್ಲಬ್ಬಿನವರು ನಿನ್ನನ್ನ ಬಿಡ್ತಾರಾ?" ಎಂದು ಮದುವೆಯಾದ ಹೊಸದರಲ್ಲಿ ಅವಳು ನಕ್ಕಿದ್ದಳು.

"ನೀಲಿ ನಿಮ್ಮಪ್ಪನ ಮನೆ ಆಸ್ತಿನಾ? ನೋಡ್ತಾ ಇರು, ಅದು ಸಿಕ್ಕ ದಿನವೇ ಮದ್ದಿನ ಮನೆಗೆ ಕೈ ಮುಗಿದು ಬಂದುಬಿಡ್ತೀನಿ. ಸಿಕ್ತೋ ಇಲ್ವೋ ನೀನೇ ಹೇಳ್ಬೇಕು. ನೀಲಿ ಯಾವ್ದು ಅಂತ ನಿಮ್ಮ ಕಡೆಯವ್ರಿಗೇ ತಾನೇ ಗೊತ್ತಿರೋದು?"

ಹೀಗೆ ಅವಳು ಪರೀಕ್ಷಕಿಯಾದಳು. ಕೆಂಪು ಹಬ್ಬದ ದಿನ ಬೀದಿಯ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಒಬ್ಬಳೇ ಮಹಡಿಯ ಮೇಲೆ ಹೋಗಿ ನಿಲ್ಲುತ್ತಿದ್ದಳು. ಅವನು ಮಸಿ ಮೆತ್ತಿದ ಮುಖ ಹೊತ್ತು ಬಂದು "ಹೇಗಿತ್ತು?" ಎನ್ನುವುದು, ಅವಳು "ಪಾತ್ರೆ ತೊಳೆದ ನೀರು ಇದ್ದ ಹಾಗಿತ್ತು" ಎನ್ನುವುದು. ಮೂವತ್ತಮೂರು ಹಬ್ಬಕ್ಕೂ ಅದೇ ಉತ್ತರ.

ಮೂವತ್ತೆರಡು ಸಲ ಅದು ನಿಜವೇ ಆಗಿತ್ತು. ಹೋದ ವರ್ಷದ್ದು ಮಾತ್ರ ಸುಳ್ಳು. ಹೋದ ವರ್ಷ ಕೆಂಪಿನೊಳಗಿಂದ ನೀಲಿ ಅರಳಿದಾಗ ಅವಳು ಮಹಡಿಯ ಕಟ್ಟೆ ಹಿಡಿದುಕೊಂಡಿದ್ದಳು. ಮಾತೆಯ ಮೇಲುಹೊದಿಕೆಯ ನೀಲಿ ಅದು, ಎಳ್ಳಷ್ಟೂ ಕಡಿಮೆಯಿಲ್ಲ. ಅವಳ ತಮ್ಮನೇ ನೀಲಿಯವರ ಮದ್ದಿನ ಮನೆಯ ಯಜಮಾನ. ಅವನ ಕೈಯಿಂದ ಅಂಥದ್ದು ಒಂದೂ ಬಂದಿರಲಿಲ್ಲ. ಕೆಂಪಿನವರ ಕೈಯಲ್ಲಿ ನಮ್ಮ ನೀಲಿಯೇ ಎಂದು ಹೊಟ್ಟೆ ಉರಿದುಹೋಯಿತು. ಕೆಳಗಿಳಿದು ಬಂದು ಪಾತ್ರೆ ತೊಳೆದ ನೀರು ಎಂದೇ ಹೇಳಿದಳು. ನೆನು ತಲೆ ಅಲ್ಲಾಡಿಸಿ, ಮರುವಾರವೇ ಮತ್ತೆ ಮದ್ದಿನ ಮನೆಗೆ ಹೊರಟ.

ಈ ವರ್ಷ ಹಬ್ಬಕ್ಕೆ ಹದಿನೆಂಟು ದಿನ ಇರುವಾಗ, ಬೆಳಿಗ್ಗೆ, ಅವನ ಹತ್ತಿ ಅಂಗಿಗಳೆಲ್ಲ ಒಗೆಯುವ ನೀರಿನಲ್ಲಿದ್ದವು. ಅವಳು ಭಾನುವಾರದ ಸಂತೆಯಲ್ಲಿ ಕೊಂಡ ಹೊಸ ಅಂಗಿ ಕೊಟ್ಟಳು. ಅದೂ ನೀಲಿ, ಬೇಕೆಂದೇ ಆರಿಸಿದ್ದು.

"ಇದು ಹತ್ತಿಯದಾ? ಅಲ್ಲಿಗೆ ಬೇರೆ ಬಟ್ಟೆ ಹಾಕ್ಕೊಂಡು ಹೋಗೋ ಹಾಗಿಲ್ಲ."

"ಹತ್ತಿಯದೇ. ಮಾರೋನು ಆಣೆ ಹಾಕಿದ್ದಾನೆ. ಹೊರಡು, ಇಲ್ಲಾಂದ್ರೆ ಅಡುಗೆಮನೆಗೆ ಬಣ್ಣ ಬಳಿ. ಊರಿಗೆಲ್ಲ ಬಳೀತೀಯ, ನನ್ನ ಗೋಡೆ ನೋಡು ಹೇಗಿದೆ."

ಅಡುಗೆಮನೆಯ ಮಾತು ಬಂದ ಕೂಡಲೇ ಅವನು ಅಂಗಿ ತೊಟ್ಟು ಮಾಯವಾದ.

ಹತ್ತೂವರೆಗೆ ಅವಳು ಟೊಮೆಟೊ ಹೆಚ್ಚುತ್ತಿದ್ದಳು. ಮೊದಲು ಕಾಲ ಕೆಳಗಿನ ನೆಲ ನಡುಗಿತು, ಆಮೇಲೆ ಸದ್ದು ಬಂತು. ಆಕಾಶದಲ್ಲಿ ಸಿಡಿದ ಗುಂಡಿನ ಸದ್ದು ಕಿವಿಗೆ ಮೊದಲು ಬರುತ್ತದೆ. ನೆಲ ಮೊದಲು ನಡುಗಿದರೆ ಸಿಡಿದದ್ದು ಮದ್ದಿನ ಮನೆ. ಈ ಲೆಕ್ಕ ಊರಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಾಕು ಎಲ್ಲಿ ಬಿತ್ತೋ ಗೊತ್ತಿಲ್ಲ. ಮದ್ದು ಕಲಸುವ ಸಣ್ಣ ಕೋಣೆಯಲ್ಲಿ ಇವತ್ತು ನೆನುವಿನ ಸರದಿ. ನಿನ್ನೆ ಕಲಸಿಟ್ಟ ನೀಲಿ ಒಣಗಿದೆಯೋ ನೋಡಬೇಕು ಎಂದಿದ್ದ. ಆ ಕೋಣೆಗೆ ಒಂದು ಸಲಕ್ಕೆ ಒಬ್ಬನೇ ಹೋಗಬೇಕು, ಅದು ಅಲ್ಲಿನ ಕಟ್ಟುಪಾಡು. ಹೋದ ವರ್ಷ ಒಂದೇ ಒಂದು ಮಾತು, "ನೀಲಿಯೇ" ಎಂದು ಹೇಳಿದ್ದರೆ ಇವತ್ತು ಅವನು ಮನೆಯಲ್ಲಿರುತ್ತಿದ್ದ. ನಾನೇ ಕಳಿಸಿದೆ, ನಾನೇ ಕಳಿಸಿದೆ ಎಂದುಕೊಳ್ಳುತ್ತಾ ಏಪ್ರನ್ನಿನಲ್ಲೇ ಬೀದಿಗೆ ಓಡಿದಳು. ಮದ್ದಿನ ಮನೆಯ ಸುದ್ದಿ ಮೊದಲು ಬರುವುದು ಕೆಂಪು ಕ್ಲಬ್ಬಿಗೆ. ಅವಳ ಕಾಲು ಹೊಸ್ತಿಲು ದಾಟಿದ್ದು ಅವಳಿಗೇ ತಿಳಿಯಲಿಲ್ಲ.

ಒಳಗೆ ಜನ ಒಬ್ಬ ಮನುಷ್ಯನ ಸುತ್ತ ಮುತ್ತಿಕೊಂಡಿದ್ದರು. ನಡುವೆ ನೀಲಿ ಅಂಗಿ ತೊಟ್ಟ ನೆನು, ಕಿವಿಗೆ ಫೋನು, ಮುಖ ಸುಣ್ಣದ ಹಾಗೆ. ಮೇಜಿನ ಮೇಲೆ ಅರ್ಧ ಕುಡಿದ ಟೀ ಲೋಟ.

"ಎಲ್ಲರೂ ಹೊರಗಿದ್ರಂತೆ!" ಎಂದು ಅವನು ಕೂಗಿದ. "ಮದ್ದಿನ ಮನೆಯಿಂದ ಬರ್ತು ಮಾತಾಡ್ತಿದ್ದಾನೆ. ಕಾಗದ ಸುತ್ತೋಕೆ ಎಲ್ಲರೂ ಮರದ ಕೆಳಗೆ ಕೂತಿದ್ರಂತೆ. ಕಲಸೋ ಕೋಣೆ ಒಂದೇ ಹೋಗಿರೋದು. ಒಳಗೆ ಯಾರೂ ಇರ್ಲಿಲ್ಲ!"

ಆಮೇಲೆ ಅವಳನ್ನು ಕಂಡ. "ಫಿಲು? ಮನೆಗೆ ಫೋನ್ ಮಾಡ್ತಾನೇ ಇದೀನಿ, ಎತ್ತೋದಿಲ್ವಲ್ಲ ನೀನು! ಬರ್ತು ಗೇಟಲ್ಲೇ ತಡೆದ ಕಣೇ. ಅಂಗಿನ ಎರಡು ಬೆರಳಲ್ಲಿ ತಿಕ್ಕಿ ನೋಡಿ, ನೈಲಾನು, ಕಿಡಿ ಹಾರುತ್ತೆ, ಹೋಗಿ ಬದಲಾಯಿಸ್ಕೊಂಡು ಬಾ ಅಂತ ಅಟ್ಟಿಬಿಟ್ಟ. ಮನೆಗೆ ಬಂದ್ರೆ ಅಡುಗೆಮನೆ ಬಳಿ ಅಂತೀಯ ಅಂತ ಇಲ್ಲಿ ಕೂತೆ."

ಅವಳು ಅವನ ಎದೆಯ ಮೇಲಿನ ಆ ದರಿದ್ರ ನೈಲಾನನ್ನು ಎರಡೂ ಮುಷ್ಟಿಯಲ್ಲಿ ಹಿಡಿದಳು. ಜೀವ ಬಂದಂತಾಯಿತು. ಹಾಗೆ ಬಂದ ಜೀವಕ್ಕೆ ಸುಮ್ಮನಿರಲು ಆಗಲಿಲ್ಲ.

"ಹೋದ ವರ್ಷದ್ದು ನೀಲಿನೇ ಆಗಿತ್ತು," ಎಂದಳು, ಕೆಂಪಿನವರೆಲ್ಲರ ಎದುರಿಗೆ. "ನಾನು ಸುಳ್ಳು ಹೇಳ್ದೆ. ನನ್ನ ತಮ್ಮನ ಕೈಲಿ ಏಳು ಜನ್ಮಕ್ಕೂ ಅಂಥದ್ದು ಬರಲ್ಲ."

ಕ್ಲಬ್ಬಿನಲ್ಲಿ ಎದ್ದ ಕೇಕೆ ಚರ್ಚಿನವರೆಗೂ ಕೇಳಿಸಿತಂತೆ. ಒಬ್ಬ, "ಇದನ್ನ ಬರೆದು ಸಹಿ ಹಾಕ್ಕೊಡು ತಾಯಿ, ಗೋಡೆಗೆ ತೂಗು ಹಾಕ್ತೀವಿ" ಎಂದ.

ನೆನು ಮಾತ್ರ ನಗಲಿಲ್ಲ. "ಹಾಗಾದ್ರೆ ಸಿಕ್ಕಿತ್ತು," ಎಂದ ಮೆಲ್ಲಗೆ. "ನನಗೆ ಸಿಕ್ಕಿತ್ತು."

"ಸಿಕ್ಕಿತ್ತು. ಕೈ ಮುಗಿದು ಬಂದುಬಿಡು ಇನ್ನು."

ಅವನು ತಲೆಯಾಡಿಸಿದ. ಮೂಗು ಒರೆಸಿಕೊಂಡ. ಅವಳು ಕೆಂಪು ಮೆತ್ತೆಯ ಕುರ್ಚಿಯಲ್ಲಿ ಕುಸಿದು ಕೂತು, ಅವನ ಅರ್ಧ ಟೀಯನ್ನು ತಾನೇ ಕುಡಿದಳು.

"ನಾಳೆಯಿಂದ ಅಡುಗೆಮನೆ ಶುರು ಮಾಡ್ತೀನಿ," ಎಂದ ನೆನು. "ಯಾವ ಬಣ್ಣ? ನೀಲಿ ತಾನೇ?"

ಫಿಲುಮೆನಾ ಲೋಟ ಕೆಳಗಿಟ್ಟಳು.

"ಯಾವುದಾದ್ರೂ ಬಳಿಯೋ," ಎಂದಳು. "ಕೆಂಪಾದ್ರೂ ಸರಿ."