ಮೂರನೆಯ ಪಿನ್ನು

ಲಿಂಗಸುಗೂರಿನಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನಾನು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ: ಕಂಪ್ಯೂಟರು ತಾನಾಗಿ ಕೆಡುತ್ತದೆ ಎಂಬುದರಲ್ಲಿ ನನಗೆ ನಂಬಿಕೆಯಿಲ್ಲ. ಅದನ್ನು ಕೆಡಿಸುತ್ತಾರೆ. ಗಿರಾಕಿ ಮೆಟ್ಟಿಲು ಹತ್ತುತ್ತಲೇ "ನಾ ಏನೂ ಮಾಡಿಲ್ರೀ, ತಾನ ಬಂದ್ ಆತು" ಅಂದನೆಂದರೆ, ಈತ ಏನೋ ಘನಂದಾರಿ ಕೆಲಸ ಮಾಡಿಯೇ ಬಂದಿದ್ದಾನೆ ಎಂದು ನನಗೆ ಖಾತ್ರಿಯಾಗುತ್ತದೆ.

ಮಸ್ಕಿಯ ಒಬ್ಬ ಯಜಮಾನರು ಮಾನಿಟರನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ತಂದರು. ಕ್ಯಾಬಿನೆಟ್ ಎಲ್ಲಿ ಎಂದು ಕೇಳಿದೆ. "ಆ ಡಬ್ಬಿ ಮನ್ಯಾಗ ಐತ್ರೀ. ಅದನ್ಯಾಕ ಹೊತ್ಕೊಂಡು ಬರೋದು?" ಅಂದರು. ಲೆಕ್ಕ ಹಾಕುವ ಪ್ರೊಸೆಸರು, ಆ ಕ್ಷಣದ್ದನ್ನು ನೆನಪಿಟ್ಟುಕೊಳ್ಳುವ ರ‍್ಯಾಮು, ವರ್ಷಗಟ್ಟಲೆ ಕಾಪಿಡುವ ಹಾರ್ಡ್ ಡಿಸ್ಕು, ಇವರನ್ನೆಲ್ಲ ಒಂದೇ ಜಮಖಾನೆಯ ಮೇಲೆ ಕೂರಿಸುವ ಮದರ್‌ಬೋರ್ಡು, ಎಲ್ಲರಿಗೂ ಅಳೆದು ಕರೆಂಟು ಬಡಿಸುವ ಎಸ್‌ಎಂಪಿಎಸ್ಸು, ಎಲ್ಲವೂ ಆ ಡಬ್ಬಿಯಲ್ಲೇ ಇವೆ ಮಹರಾಯರೇ ಎಂದು ವಿವರಿಸಿದೆ. ಅವರು ಎಲ್ಲ ಕೇಳಿ, ಮಾನಿಟರಿನ ಗಾಜು ಒರೆಸಿ, "ಆದ್ರೂ ಒಮ್ಮೆ ಇದನ್ನ ನೋಡ್ರೀ" ಅಂದರು. ನೋಡಿದೆ. ಅದು ಚೆನ್ನಾಗಿತ್ತು.

ಸಿಂಧನೂರಿನವರ ಬುದ್ಧಿ ಇನ್ನೊಂದು ಬಗೆಯದು. ಅಲ್ಲಿನ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರಿನೊಳಗೆ ತೌಡಿನ ಧೂಳು ಗಟ್ಟಿಯಾಗಿ ಕೂತು ಫ್ಯಾನು ತಿರುಗದಂತಾಗಿತ್ತು. ಮಿಲ್ಲಿನ ಗುಮಾಸ್ತರು ಅದನ್ನು ಆಟೋದಲ್ಲಿಟ್ಟುಕೊಂಡು ಸೀದಾ ಪಂಕ್ಚರ್ ಅಂಗಡಿಗೆ ಹೋದರು. ಲಾರಿ ಟೈರಿಗೆ ಹೊಡೆಯುವ ಗಾಳಿಯನ್ನು ಹೊಡೆಸಿದರು. ಧೂಳು ಹೋಯಿತು, ಅನುಮಾನವಿಲ್ಲ. ಜೊತೆಗೆ ಕಂಪ್ರೆಸರಿನ ಟ್ಯಾಂಕಿನಲ್ಲಿ ಕೂತಿದ್ದ ನೀರೂ ಪಿಚಕಾರಿಯಂತೆ ಬೋರ್ಡಿನ ಮೇಲೆ ಬಿತ್ತು. ಮೆತ್ತನೆಯ ಬ್ರಷ್ಷು ಹಿಡಿದು, ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಬೆರಳು ಒತ್ತಿ, ಹತ್ತು ನಿಮಿಷ ತಾಳ್ಮೆಯಿಂದ ಕೂತರೆ ಆಗುವ ಕೆಲಸವಿದು. ಆದರೆ ತಾಳ್ಮೆಗೆ ಕಂಪ್ರೆಸರಿನಷ್ಟು ಸದ್ದಿಲ್ಲವಲ್ಲ. ಸದ್ದಾಗದಿದ್ದರೆ ಕೆಲಸವಾಯಿತು ಎಂದು ನಮ್ಮವರಿಗೆ ಅನ್ನಿಸುವುದೇ ಇಲ್ಲ.

ಇವರಿಗಿಂತ ಅಪಾಯಕಾರಿಗಳೆಂದರೆ ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ ಇಂಜಿನಿಯರಾದವರು. ಇವರಿಗೆ ಒಂದೇ ಔಷಧ ಗೊತ್ತು: ರ‍್ಯಾಮ್ ಕಿತ್ತು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸುವುದು. ಔಷಧ ಸುಳ್ಳಲ್ಲ, ಎಷ್ಟೋ ಸಲ ಕೆಲಸ ಮಾಡುತ್ತದೆ. ಆದರೆ ಉಜ್ಜುವಾಗ ಪ್ಲಗ್ಗು ಗೋಡೆಯಲ್ಲೇ ಇರುತ್ತದೆ! ಮೊದಲು ಪ್ಲಗ್ ಕೀಳಬೇಕು, ಆಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಒಳಗೆ ಉಳಿದ ಕರೆಂಟನ್ನು ಇಳಿಸಬೇಕು, ಕೈಯಿಂದ ಬರಿ ಕಬ್ಬಿಣ ಮುಟ್ಟಿ ಮೈಮೇಲಿನ ಕರೆಂಟು ಕಳೆದುಕೊಳ್ಳಬೇಕು, ಎಸ್‌ಎಂಪಿಎಸ್ಸಿನ ಡಬ್ಬಿಯನ್ನಂತೂ ಬಿಚ್ಚಲೇಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗೆ ಹೊಡೆತ ಕೂತಿರುತ್ತದೆ ಎಂದು ನಾನು ಹೇಳಿದರೆ, "ನೀವು ಭಾಳ ಅಂಜ್ತೀರಿ ಬಿಡ್ರೀ" ಎನ್ನುತ್ತಾರೆ. ಹೌದು, ಅಂಜುತ್ತೇನೆ. ಅದಕ್ಕೇ ಇನ್ನೂ ಅಂಗಡಿ ನಡೆಸುತ್ತಿದ್ದೇನೆ.

ಇಷ್ಟಾದರೂ ಈ ಜನಕ್ಕೆ ಕಂಪ್ಯೂಟರಿನ ಮೇಲೆ ಭಕ್ತಿಯಿಲ್ಲ ಎನ್ನುವಂತಿಲ್ಲ. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟೇ ಬರಬೇಕು. ಕ್ಯಾಬಿನೆಟ್ಟಿಗೆ ಮೂರು ಬೆರಳಿನ ವಿಭೂತಿ, ಕೀಬೋರ್ಡಿಗೆ ಕಸೂತಿಯ ಹೊದಿಕೆ. ಆದರೆ ಆ ದೇವರ ಬೆನ್ನ ಹಿಂದೆ ಇಣುಕಿ ನೋಡಿ. ಪ್ಲಗ್ಗಿನಲ್ಲಿ ಮೂರು ಪಿನ್ನು ಇರಬೇಕಾದಲ್ಲಿ ಎರಡೇ. ಮೇಲಿನ ದಪ್ಪ ಪಿನ್ನು ಗೋಡೆಯ ಬೋರ್ಡಿನ ಎರಡು ತೂತಿಗೆ ಹೊಂದಲಿಲ್ಲವೆಂದು ಪಕ್ಕಡು ಎಂಬ ಇಕ್ಕಳದಿಂದ ಮುರಿದು ಎಸೆದಿರುತ್ತಾರೆ. ಅದು ಅರ್ಥಿಂಗ್ ಪಿನ್ನು. ಉಳಿದೆರಡಕ್ಕಿಂತ ಉದ್ದ ಅದು, ಮದುವೆ ಮನೆಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರೂ ಹೋದ ಮೇಲೆ ಹೊರಡುವ ಸೋದರಮಾವನಂತೆ. ಕ್ಯಾಬಿನೆಟ್ಟಿನ ಕಬ್ಬಿಣಕ್ಕೆ ತಪ್ಪಿ ಇಳಿದ ಕರೆಂಟನ್ನು ನೆಲಕ್ಕೆ ದಾಟಿಸುವುದು ಅದರ ಕೆಲಸ. ಅದಿಲ್ಲದಿದ್ದರೆ ಆ ಕರೆಂಟು ಬರಿಗಾಲಲ್ಲಿ ನಿಂತ ಭಕ್ತರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಚಪ್ಪಲಿ ಬಿಡಿಸಿ, ಪಿನ್ನು ಮುರಿಯುವ ಈ ಜಾಣತನ ಇನ್ನೆಲ್ಲೂ ಇರಲಾರದು ಎಂದು ನಾನು ಕಂಡಕಂಡವರ ಮುಂದೆ ಆಡಿಕೊಂಡು ನಕ್ಕಿದ್ದೇನೆ.

ಮೊನ್ನೆ ಪಾಮನಕಲ್ಲೂರಿನಿಂದ ಮಹಾದೇವಿ ಫೋನು ಮಾಡಿದಳು. ಮನೆಯ ಮುಂದಿನ ಕೋಣೆಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡು ಊರವರ ಅರ್ಜಿ, ಪಹಣಿ ತೆಗೆದುಕೊಡುವ ಹೆಣ್ಣುಮಗಳು. "ಸರ್, ನಮ್ಮ ಅತ್ತಿಯವರಿಗೆ ಕಂಪ್ಯೂಟರ್ ಶಾಕ್ ಹೊಡದೈತ್ರೀ. ಮನ್ಯಾಗ ಎಲ್ಲಾರೂ ಸೆಂಟರ್ ಬಂದ್ ಮಾಡು ಅನ್ನಾಕತ್ತಾರ. ಲಗೂನ ಬರ್ರೀ." ಬೈಕು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತ ಹೋದೆ.

ಅತ್ತೆ ಜಗುಲಿಯಲ್ಲಿ ಬಲಗೈ ತಿಕ್ಕಿಕೊಳ್ಳುತ್ತ ಕೂತಿದ್ದರು. ನೆಲ ಒರೆಸಿದ ಮೇಲೆ ಅದೇ ಒದ್ದೆ ಅರಿವೆಯಿಂದ ಕ್ಯಾಬಿನೆಟ್ಟನ್ನೂ ಒರೆಸಲು ಹೋಗಿ, ಎಸೆದಂತೆ ಹಿಂದಕ್ಕೆ ಬಿದ್ದಿದ್ದರಂತೆ. "ನನ್ನ ಜೀವಾ ಉಳದೈತಿ, ಅದ ದೊಡ್ಡದು. ಆ ಪೀಡಾ ನಮ್ಮ ಮನ್ಯಾಗ ಬ್ಯಾಡ" ಅಂದರು. ಮಹಾದೇವಿ ಬಾಗಿಲಿಗೆ ಆತು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ತಾನೇ ಕಲಿತು, ತಾನೇ ಕಟ್ಟಿದ ಸೆಂಟರು ಆ ಹೊತ್ತು ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಮೇಜಿನ ಹಿಂದೆ ಬಗ್ಗಿ ನೋಡಿದೆ. ಎರಡೇ ಪಿನ್ನು! ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದೆ: "ಯಾವ ತಿಳಿಗೇಡಿ ಇದನ್ನ ಕತ್ತರಿಸಿದ್ದು?"

ಮಹಾದೇವಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು: "ನೀವ ರೀ ಸರ್. ಓಪನಿಂಗ್ ದಿನ. ಸ್ವಾಮಿಗೋಳು ಬಂದು ಕುಂತಿದ್ರು, ಪಿನ್ ಕೂಡವಲ್ದಾಗಿತ್ತು. ಏನಾಗಲ್ಲ ಬಿಡು ಅಂತ ನೀವ ಕತ್ತರಿಸಿದ್ರಿ."

ನೆನಪಾಯಿತು. ಹೊರಗೆ ಜನ, ಮುಹೂರ್ತ ಮೀರುವ ಗಡಿಬಿಡಿ, ನನ್ನ ಕೈಯಲ್ಲಿ ಪಕ್ಕಡು. ಎಲ್ಲರೂ ಚಪ್ಪಾಳೆ ತಟ್ಟಿದ್ದರು, ನಾನು ಪೇಢೆ ತಿಂದಿದ್ದೆ. ಅತ್ತೆಯ ಮುಂದೆ ನೆಲದ ಮೇಲೆ ಕೂತು ಹೇಳಿದೆ: "ಅಮ್ಮಾರೆ, ಕಂಪ್ಯೂಟರಿಂದೂ ತಪ್ಪಿಲ್ಲ, ನಿಮ್ಮ ಸೊಸಿದೂ ತಪ್ಪಿಲ್ಲ. ತಪ್ಪು ನಂದು."

ಊರಿನ ವೈರ್‌ಮನ್‌ನನ್ನು ಕರೆಸಿದೆವು. ಅರ್ಥಿಂಗಿಗೆಂದು ಹಿತ್ತಲಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಉಪ್ಪು ಇದ್ದಿಲು ತುಂಬಿ, ಅಲ್ಲಿಂದ ಹೊಸ ಬೋರ್ಡಿಗೆ ಹಸಿರು ವೈರು ಎಳೆಸಿದೆವು. ಕ್ಯಾಬಿನೆಟ್ಟಿನೊಳಗೆ ಕರೆಂಟು ಸೋರುತ್ತಿದ್ದ ಹಳೆಯ ಎಸ್‌ಎಂಪಿಎಸ್ ತೆಗೆದು ಹೊಸದು ಹಾಕಿದೆ, ಮೂರು ಪಿನ್ನಿನ ಕೇಬಲ್ ಜೋಡಿಸಿದೆ. ಬಲ್ಬು ಹಿಡಿದು ಅರ್ಥಿಂಗ್ ಪರೀಕ್ಷೆ ಮಾಡಿದ ಮೇಲೆ ಎಲ್ಲರೆದುರು ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿ ತೋರಿಸಿದೆ. ಬೇಸಿಗೆಯಲ್ಲಿ ಗುಂಡಿಯ ತೇವ ಆರದಂತೆ ನೀರು ಹಾಕಬೇಕು ಅಂದಾಗ ಅತ್ತೆ ಹಿತ್ತಲ ಕಡೆ ನೋಡಿ, "ಹೂವಿನ ಗಿಡಕ್ಕ ದಿನಾ ಹಾಕ್ತೀನಿ. ಇದಕ್ಕೂ ಒಂದು ಕೊಡ ಹಾಕಿದರಾತು" ಅಂದರು. ಸೆಂಟರ್ ಉಳಿಯಿತು.

ಚಹಾ ಕೊಡುತ್ತ ಮಹಾದೇವಿ ಕೇಳಿದಳು: "ಸರ್, ನಮ್ಮದೊಂದ ಏನ್ರೀ, ಇನ್ನೂ ಎಷ್ಟು ಕಡೆ ಕತ್ತರಿಸೀರಿ?" ಚಹಾ ಕೆಳಗಿಟ್ಟು ಬೆರಳು ಮಡಿಸುತ್ತ ಎಣಿಸತೊಡಗಿದೆ: ಮಸ್ಕಿಯಲ್ಲಿ, ಸಿಂಧನೂರಿನಲ್ಲಿ...

ಆ ಭಾನುವಾರ ಹೊಸ ಕೇಬಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ. ಮೊದಲು ಮಸ್ಕಿಯ ಒಂದು ಝೆರಾಕ್ಸ್ ಅಂಗಡಿ. ಮಾಲೀಕರಿಗೆ ಮುರಿದ ಪ್ಲಗ್ಗು ತೋರಿಸಿ, "ಇದನ್ನ ಕತ್ತರಿಸಿದ ತಿಳಿಗೇಡಿ ನಾನೇ ರೀ" ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಾಷ್ಟಿ ಬ್ಯಾಡ್ರೀ ಸರ್. ನಿಮ್ಮಂಥ ಶ್ಯಾಣ್ಯಾರು ಇಂಥಾದ್ದು ಮಾಡ್ತಾರೇನು? ಯಾರೋ ಬ್ಯಾರೇದವ್ರು ಇರಬೇಕು." ಇಪ್ಪತ್ತು ವರ್ಷ ಊರೂರು ತಿರುಗಿ ಎಲ್ಲರ ದಡ್ಡತನವನ್ನು ನಂಬಿಸಿಕೊಂಡು ಬಂದಿದ್ದೇನೆ, ನನ್ನದನ್ನು ನಂಬಿಸುವುದು ಮಾತ್ರ ಕಷ್ಟವಾಗುತ್ತಿದೆ. ಇನ್ನೂ ಸಿಂಧನೂರು ಬಾಕಿಯಿದೆ.